ಎದ್ದು ನಿಲ್ಲದವನು

ಡಿಸೆಂಬರ್ 27

ನನ್ನ ಗಟ್ಟಿಗಿತ್ತಿಗೆ,

ನಾನೂ ಮಗಳು ಪುಟ್ಟಿಯೂ ಚೆನ್ನಾಗಿದ್ದೇವೆ. ನಿನ್ನ ಠಾಣ್ಯದಲ್ಲಿ ಚಳಿ ಹೆಚ್ಚೆಂದು ನೀನು ಬರೆದಿದ್ದೆ. ಕಾಲುಚೀಲ ಎರಡೆರಡು ಹಾಕಿಕೋ.

ಮೊನ್ನೆ ಕ್ರಿಸ್‌ಮಸ್ ಕೂಟದಲ್ಲಿ ನಡೆದದ್ದನ್ನು ಬೇರೆಯವರು ನಿನ್ನ ಕಿವಿಗೆ ಹಾಕುವ ಮೊದಲು ನಾನೇ ಹೇಳಬೇಕು.

ಪುಟ್ಟಿಯ ಸಂಗೀತದ ಟೀಚರ್ ಸೈನಿಕರ ಮೇಲೊಂದು ಪದ್ಯ ಬರೆದಿದ್ದರು. ಓದುವ ಮುಂಚೆ, ಸೇನೆಯಲ್ಲಿರುವವರ ಮನೆಯವರು ದಯವಿಟ್ಟು ಎದ್ದು ನಿಲ್ಲಬೇಕೆಂದು ಕೇಳಿಕೊಂಡರು. ಬೇಕರಿಯವರು ಮಗನಿಗಾಗಿ ಎದೆಯುಬ್ಬಿಸಿ ಎದ್ದರು. ಎದುರುಮನೆಯ ಸೊಸೆ ಗಂಡನಿಗಾಗಿ ಎದ್ದಳು. ನಾನು ಏಳಲಿಲ್ಲ.

ಹಿಂದಿನ ಸಾಲಿನಲ್ಲಿ ಕ್ಷೌರದಂಗಡಿಯವನು ಕೂತಿದ್ದ. "ಹೆಂಡ್ತಿ ಗುಂಡು ಹಾರಿಸ್ತಾಳೆ, ಗಂಡ ಗುಂಡಿ ಹೊಲೀತಾನೆ" ಎಂದು ಊರನ್ನೆಲ್ಲ ನಗಿಸುವವನು ಅವನೇ. ಇದನ್ನು ನಿನಗೆ ಎಂದೂ ಬರೆಯಲಿಲ್ಲ. ಅವರ ಜೊತೆ ಸೇರಿ ನಾನೂ ನಕ್ಕಿದ್ದೇನೆ, ಅದನ್ನೂ ಬರೆಯಲಿಲ್ಲ. ಎದ್ದರೆ ಬೆನ್ನ ಹಿಂದೆ ಮತ್ತೆ ಅದೇ ನಗು ಏಳುತ್ತದೆಂದು, ಏನೋ ಬೀಳಿಸಿಕೊಂಡವನ ಹಾಗೆ ಬಗ್ಗಿ ಕುರ್ಚಿಯ ಕೆಳಗೆ ತಡಕಾಡಿದೆ.

ಪುಟ್ಟಿ ಎದ್ದಳು. ನಿಂತರೂ ಯಾರಿಗೂ ಕಾಣಿಸುತ್ತಿಲ್ಲವೆಂದು ಕುರ್ಚಿಯ ಮೇಲೇ ಹತ್ತಿ ನಿಂತಳು. ಪದ್ಯದ ಕೊನೆಯ ಸಾಲುಗಳು ಹೀಗಿದ್ದವು:

ಮಗಳ ಜಡೆಯ ನೆನೆದು ನೀನು ಹಿಮದಿ ಊರ ಕಾಯೆ,
ನಗುವ ಮನೆಗಳೆಲ್ಲ ಇಂದು ನಿನ್ನವಮ್ಮ, ತಾಯೆ.

ತಾಯಿ ಸೈನ್ಯದಲ್ಲಿರುವ ಮನೆ ಇಲ್ಲಿ ನಮ್ಮದೊಂದೇ. ಎಲ್ಲರ ಕತ್ತೂ ನಮ್ಮ ಕಡೆ ಹೊರಳಿತು. ನಾನು ಇನ್ನೂ ಬಗ್ಗಿಯೇ ಇದ್ದೆ. ತುದಿಗಾಲಲ್ಲಿ ನಿಂತ ಅವಳ ಶೂಗಳಷ್ಟೇ ನನಗೆ ಕಂಡವು.

ಕೂಟ ಮುಗಿಸಿ ಮನೆ ಹತ್ತಿರ ಬಂದಾಗ ಪುಟ್ಟಿ ಕೇಳಿದಳು: "ಅಪ್ಪ, ಅಮ್ಮ ಯೂನಿಫಾರ್ಮ್ ಹಾಕ್ಕೊಂಡು ಬಂದ್ರೆ ನೀನು ಅವಳ ಪಕ್ಕ ನಡೀತೀಯ ತಾನೆ?"

ನಡೆಯುತ್ತೇನೆ ಎಂದೆ. ನಂಬಿದಳೋ ಇಲ್ಲವೋ, ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.

ಇವತ್ತು ಕ್ಷೌರದಂಗಡಿಯವನು ಪ್ಯಾಂಟು ಗಿಡ್ಡ ಮಾಡಿಸಲು ಬಂದು ಅದೇ ತಮಾಷೆ ತೆಗೆದ. ನಾನು ನಗಲಿಲ್ಲ. ತಿರುಗಿ ಒಂದು ಮಾತಾಡುವಷ್ಟು ಧೈರ್ಯ ಸಾಲಲಿಲ್ಲ. ತಲೆ ತಗ್ಗಿಸಿ ಅವನ ಪ್ಯಾಂಟನ್ನೇ ಹೊಲಿದೆ. ನೀನು ಅಷ್ಟು ದೂರದಲ್ಲಿ ನಿಂತಿರುವಾಗ ನನಗೆ ಇಲ್ಲಿ ಒಂದು ಪದ್ಯ ಮುಗಿಯುವವರೆಗೆ ನಿಲ್ಲಲಾಗಲಿಲ್ಲ. ಕ್ಷಮಿಸು ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ.

ನಿನ್ನ
ದರ್ಜಿ

ತಾ.ಕ.: ಪುಟ್ಟಿ ಬರೆದ ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ. ಅವತ್ತು ಅಪ್ಪನಿಗೆ ಮಂಡಿನೋವು ಇತ್ತು, ಪಾಪ, ಅದಕ್ಕೇ ಏಳಲಾಗಲಿಲ್ಲ ಎಂದು ಬರೆದಿದ್ದಾಳೆ. ನನ್ನ ಮಂಡಿಗೆ ಏನೂ ಆಗಿಲ್ಲ.