ಮಾಡದಲ್ಲಿದ್ದ ಫೋಟೋ

೧೪-೨-೧೯೭೬, ಮುಂಜಾನೆ

ಅಕ್ಕಾ,

ತಿಕೋಟಾಕ್ಕೆ ಅವ್ವನ ಹತ್ತಿರ ಹೋಗುತ್ತಿದ್ದೇನೆ. ಕರೆಯಲು ಬರಬೇಡ.

ಮಹಾನಂದಾಳ ಹಲ್ಲು ನೆಟ್ಟಗಾಗಲು ಹಾಕುವ ಪ್ಲೇಟು ತಣ್ಣೀರಿನ ಬಟ್ಟಲಲ್ಲಿದೆ. ಬಿಸಿನೀರಿನಲ್ಲಿ ತೊಳೆಯಬೇಡ, ಸೊಟ್ಟಗಾಗುತ್ತದೆ. ಐತವಾರಕ್ಕೊಮ್ಮೆ ಸಣ್ಣ ಚಾವಿಯಿಂದ ಅದರ ನಡುವಿನ ತಿರುಪನ್ನು ಬಾಣದ ಗುರುತಿನ ಕಡೆಗೆ ಕಾಲು ಸುತ್ತು ತಿರುಗಿಸಬೇಕು. ಆ ದಿನ ಅವಳಿಗೆ ದವಡೆ ನೋಯುತ್ತದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡು. ಎಂಟು ವರ್ಷದ ದವಡೆ ಲಗುಬೇಗ ಮಣಿಯುತ್ತದೆ, ಒಂದು ದಿನವೂ ತಪ್ಪಿಸಬೇಡಿ ಎಂದು ಸೋಲಾಪುರದ ಡಾಕ್ಟರು ಹೇಳಿದ್ದಾರೆ. ಇಷ್ಟು ದಿನ ಇದನ್ನೆಲ್ಲ ನಾನೇ ಮಾಡಿದೆ, ನಿನಗೆ ಗೊತ್ತಿರಲಿಕ್ಕಿಲ್ಲ.

ನಿನ್ನೆ ಪ್ಲೇಟು ಹಾಕುವಾಗ ನಿನ್ನ ಮಗಳು ಹಟ ಮಾಡಲಿಲ್ಲ. ತಾನಾಗಿಯೇ ಬಾಯಿ ತೆರೆದಳು. "ಶಾಣ್ಯಾಕಿ ಆದಿ ನೋಡು" ಎಂದೆ.

"ಹಾಕ್ಕೊಳ್ಳಲಿಲ್ಲಂದ್ರ ಚಿಗವ್ವನಂಗ ಆಗ್ತಿ ಅಂತ ಅವ್ವ ದಿನಾ ನಿನ್ನ ಫೋಟೋ ತೋರಸ್ತಾಳ" ಎಂದಳು. ಆಮೇಲೆ ನನ್ನ ಉಬ್ಬುಹಲ್ಲು ಮುಟ್ಟಿ, "ನೀ ಸಣ್ಣಾಕಿದ್ದಾಗ ನಿನಗ ಯಾರೂ ಪ್ಲೇಟ್ ಹಾಕಲಿಲ್ಲೇನು?" ಎಂದು ಕೇಳಿದಳು.

ಮಗುವಿನ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಯಾವ ಫೋಟೋ ಅಕ್ಕಾ? ಗೋಳಗುಮ್ಮಟದ ಮುಂದೆ ತೆಗೆಸಿದ್ದು. ನಾನು ತುಟಿ ಬಿಗಿಹಿಡಿದು ನಿಂತಿದ್ದೆ. "ನಗ ಬೇ, ನಕ್ಕರ ನೀ ಭಾಳ ಚಂದ ಕಾಣ್ತಿ" ಎಂದು ನಗಿಸಿದವಳು ನೀನು. ಹುಟ್ಟಿದಾಗಿನಿಂದ ನಾನು ಬಾಯಿ ತುಂಬ ನಕ್ಕು ತೆಗೆಸಿಕೊಂಡ ಫೋಟೋ ಅದೊಂದೇ.

ಗೋಡೆಯ ಮಾಡದಲ್ಲಿದ್ದ ಅದನ್ನು ಒಯ್ಯುತ್ತಿದ್ದೇನೆ. ಮಗಳನ್ನು ಹೆದರಿಸಬೇಕಾದರೆ ಇನ್ನು ಬೇರೆ ಯಾರನ್ನಾದರೂ ನಗಿಸು.

ನೀಲವ್ವ