ಊದಿದ ಕೆನ್ನೆಯನ್ನು ಆರೋಗ್ಯವೆಂದವರಿಗೆ

ಶಿಶು ಆಹಾರದ ಉಸ್ತುವಾರಿ ಹೊತ್ತ ಮಾನ್ಯ ನಿರ್ದೇಶಕರೇ,

ನಮ್ಮ ಜಿಲ್ಲೆಯ ಪ್ರತಿ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನೀವು ಅಂಟಿಸಿರುವ ಚಿತ್ರದಲ್ಲಿ ಒಂದು ಮಗುವಿದೆ. ದುಂಡು ಮುಖ, ತುಂಬಿದ ಕೆನ್ನೆ, ಕೆಳಗೆ ನಿಮ್ಮ ಹಿಟ್ಟಿನ ಚೀಲ. ಆ ಮಗು ನನ್ನ ತಂಗಿ ಅಸಿಯಾತುವಿನ ಮಗ ರಜಾಬು. ಅವನ ಕೆನ್ನೆಯಲ್ಲಿ ತುಂಬಿದ್ದದ್ದು ಮಾಂಸವಲ್ಲ, ನೀರು. ಚಿತ್ರ ತೆಗೆದುಕೊಂಡು ಹೋದ ಮೇಲೆ ಅವನು ಒಂದು ತಿಂಗಳೂ ಬದುಕಲಿಲ್ಲ. ನಿಮ್ಮ ಹಿಟ್ಟು ತಿಂದು ಸತ್ತನೆಂದು ನಾನು ಹೇಳುವುದಿಲ್ಲ. ಆ ಹಿಟ್ಟಿನಲ್ಲಿ ಏನಿರಲಿಲ್ಲವೋ ಅದರಿಂದ ಸತ್ತ.

ಇದನ್ನು ಸಿಟ್ಟಿನಿಂದ ಬರೆಯಬೇಕಿತ್ತು. ಆದರೆ ಸಿಟ್ಟು ಉಳಿಯಲಿಕ್ಕೂ ಮೈಯಲ್ಲಿ ಕಸುವು ಬೇಕು, ಮಾನ್ಯರೇ. ನಮ್ಮವರಲ್ಲಿ ತಂಗಿಯ ಮಕ್ಕಳ ಹೊಣೆ ಸೋದರಮಾವನದು. ಹುಟ್ಟಿದಾಗ ಎತ್ತಿಕೊಳ್ಳುವವನೂ ಅವನೇ, ಸತ್ತರೆ ಉತ್ತರ ಕೇಳಬೇಕಾದವನೂ ಅವನೇ. ಆ ರೂಢಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ.

ನಾನು ಸರೋವರದ ದಂಡೆಯಲ್ಲಿ ಉಸಿಪಾ ಒಣಗಿಸಿ ಮಾರುವವನು. ಬೆರಳುದ್ದದ ಆ ಬೆಳ್ಳಿ ಮೀನನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆಲಗಡಲೆಯ ಪುಡಿಯೊಂದಿಗೆ ಮಕ್ಕಳ ಗಂಜಿಗೆ ಹಾಕಿ ಕುದಿಸುವುದು ನಮ್ಮ ಮನೆಮನೆಯ ವಾಡಿಕೆ. ಒಂದು ವರ್ಷದ ಹಿಂದೆ ನಿಮ್ಮ ಇಲಾಖೆಯ ಮೇಡಂ ಒಬ್ಬರು ಮಾವಿನ ಮರದಡಿ ಹೆಂಗಸರನ್ನು ಕೂರಿಸಿ ಹೊಸ ಚೀಲ ತೋರಿಸಿದರು.

"ಇದು ಪೂರ್ಣಾಹಾರ. ಇದಕ್ಕೆ ಏನೂ ಬೆರೆಸಬೇಡಿ. ಮೀನಿನ ಪುಡಿಯಂತೂ ಬೇಡವೇ ಬೇಡ, ಮಕ್ಕಳಿಗೆ ಭೇದಿ ಆಗುತ್ತೆ."

"ಹಂಗಾದ್ರೆ ನಾವೆಲ್ಲ ಹೆಂಗೆ ಬದುಕಿದ್ವಿ ತಾಯಿ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು.

ಮೇಡಂ ನಗಲಿಲ್ಲ. "ಬದುಕಿದವರು ಬಂದು ಕೇಳ್ತಾ ಇದ್ದೀರಿ. ಸತ್ತವರು ಬಂದು ಹೇಳಲ್ವಲ್ಲ," ಎಂದರು.

ನಿಜವೇ. ಸತ್ತವರು ಬಂದು ಹೇಳುವುದಿಲ್ಲ. ಅದಕ್ಕೇ ಈ ಪತ್ರ.

ಆ ಮಾತಿಗೆ ಎಲ್ಲರಿಗಿಂತ ಮೊದಲು ತಲೆದೂಗಿದವಳು ನನ್ನ ಅಮ್ಮ. "ಓದಿದೋರು ಅಷ್ಟು ದೂರದಿಂದ ಸುಳ್ಳು ಹೇಳೋಕೆ ಬರ್ತಾರಾ?" ಎಂದು ಅಸಿಯಾತುವಿಗೆ ತಾಕೀತು ಮಾಡಿದಳು. ತಂಗಿ ಆಗ ಮತ್ತೆ ಬಸುರಿ. ರಜಾಬುವಿಗೆ ಮೊಲೆ ಬಿಡಿಸಿಯಾಗಿತ್ತು. ಹಾಲು ನಿಂತಿತು, ಮೀನು ನಿಂತಿತು, ಕಡಲೆ ನಿಂತಿತು. ಮೂರು ಹೊತ್ತೂ ನಿಮ್ಮ ಸಿಹಿ ಗಂಜಿ. ಹುಡುಗ ದುಂಡಗಾಗುತ್ತ ಹೋದ. ತೂಕದ ದಿನ ತಕ್ಕಡಿಯ ಮುಳ್ಳು ಮೇಲೇರಿದಾಗ ನಿಮ್ಮವರು ಚಪ್ಪಾಳೆ ತಟ್ಟಿದರು. ಅಮ್ಮ ದಂಡೆಯುದ್ದಕ್ಕೂ ಹೇಳಿಕೊಂಡು ಬಂದಳು.

ಅಸಿಯಾತು ಮಾತ್ರ ನನ್ನ ಹತ್ತಿರ ಮೆಲ್ಲಗೆ ಅಂದಳು: "ಅಣ್ಣಾ, ಕೋಳಿ ಕಂಡ್ರೆ ಅಟ್ಟಿಸ್ಕೊಂಡು ಹೋಗ್ತಿದ್ದ. ಈಗ ಕೂರಿಸಿದಲ್ಲೇ ಕೂತಿರ್ತಾನೆ. ನಗೋದೂ ಇಲ್ಲ."

"ಹೊಟ್ಟೆ ತುಂಬಿದ ಮಗು ಹಂಗೇ ಕಣೇ," ಎಂದು ಅಮ್ಮ ಒಳಗಿನಿಂದಲೇ ತೀರ್ಪು ಕೊಟ್ಟಳು.

ಆ ವಾರವೇ ನಿಮ್ಮ ಕ್ಯಾಮೆರಾದವರು ಬಂದದ್ದು. ಅಷ್ಟು ಮಕ್ಕಳಲ್ಲಿ ಇವನನ್ನೇ ಆರಿಸಿದರು. ಬೇರೆ ಮಕ್ಕಳು ಅಪರಿಚಿತರ ಕೈಯಲ್ಲಿ ಚೀರಾಡಿದವು, ಇವನು ಸುಮ್ಮನಿದ್ದ. "ಎಷ್ಟು ಒಳ್ಳೇ ಪಾಪು! ಅಳೋದೇ ಇಲ್ಲ ನೋಡಿ," ಎಂದು ನಿಮ್ಮ ಮೇಡಂ ಅವನ ಕೆನ್ನೆ ಹಿಂಡಿದರು. ಅಳಲಿಕ್ಕೂ ಆಗದ ಮಗು ನಿಮಗೆ ಒಳ್ಳೆಯ ಮಗುವಾಗಿ ಕಂಡಿತು. ಇಲಾಖೆಗಳಿಗೆ ಸಾಮಾನ್ಯವಾಗಿ ಅಂಥ ಪ್ರಜೆಗಳೇ ಇಷ್ಟ.

ಕಾಲಿನ ಚರ್ಮ ಸುಲಿದು ಬರಲು ಶುರುವಾದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಲೈನೆಸ್ ಎಂಬ ನರ್ಸ್ ಅವನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಹಸಿ ಮಣ್ಣಿನಲ್ಲಿ ಉಳಿದ ಹಾಗೆ ಗುಳಿ ಉಳಿಯಿತು.

"ಈ ಊತ ಎಷ್ಟು ದಿನದಿಂದ ಇದೆ?"

"ಊತ ಅಲ್ಲಮ್ಮ," ಎಂದಳು ನನ್ನ ಅಮ್ಮ, "ಮೈ ತುಂಬಿಕೊಂಡಿದ್ದಾನೆ."

ನರ್ಸ್ ಇನ್ನೊಂದು ಪಾದವನ್ನೂ ಒತ್ತಿ ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಮೈ ಕಟ್ಟುವ ಆಹಾರ ತಿಂಗಳುಗಟ್ಟಲೆ ಸಿಗದಿದ್ದರೆ ಹೀಗಾಗುತ್ತದೆ, ಈ ಹಿಟ್ಟಿನ ಬರೀ ಜೋಳ–ಸಕ್ಕರೆ ಅದಕ್ಕೆ ಸಾಲದು ಎಂದರು. ಔಷಧಿಯ ಹಾಲು ಕುಡಿಸಿದರು. ದಿನದಿನಕ್ಕೆ ಊತ ಇಳಿಯಿತು. ಇಳಿದ ಮೇಲೆ ಒಳಗಿದ್ದ ನಮ್ಮ ಮಗು ಕಂಡಿತು. ಪಕ್ಕೆಲುಬಿನ ಮೇಲೆ ತೊಗಲು, ಅಷ್ಟೇ. ಅಮ್ಮ ಅವನನ್ನು ಗುರುತು ಹಿಡಿಯದವಳಂತೆ ಹಿಂದೆ ಸರಿದಳು. ಅಷ್ಟರಲ್ಲಿ ಎದೆಗೆ ಸೋಂಕು ಇಳಿದಿತ್ತು. ಒಂದು ಬೆಳಗ್ಗೆ ಅಸಿಯಾತುವಿನ ಮಡಿಲಲ್ಲೇ ಹೋದ. ಅಮ್ಮ ಅಂದಿನಿಂದ ಯಾರ ಮಗುವನ್ನೂ ಎತ್ತಿಕೊಳ್ಳುವುದಿಲ್ಲ.

ನಿಮ್ಮ ಕಚೇರಿಗೂ ಬಂದಿದ್ದೆ, ಮಾನ್ಯರೇ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಸೌಜನ್ಯದಿಂದಲೇ ಮಾತಾಡಿದರು.

"ಹೊಸ ಚೀಲ ಬರೋಕೆ ಮೊದಲಿನ ಹಿಟ್ಟಲ್ಲಿ ಸೋಯಾ, ನೆಲಗಡಲೆ ಇತ್ತಲ್ಲ ಸಾರ್?"

"ಕಡಲೆ ಗೋದಾಮಲ್ಲಿ ಬೂಷ್ಟು ಹಿಡಿಯುತ್ತೆ. ಸೋಯಾ ದುಬಾರಿ. ಎರಡನ್ನೂ ಕಡಿಮೆ ಮಾಡಿದ್ವಿ."

"ಮತ್ತೆ ಪೂರ್ಣಾಹಾರ ಅನ್ನೋ ಹೆಸರು?"

"ಹೆಸರು ಜನಕ್ಕೆ ರೂಢಿ ಆಗಿದೆಯಲ್ಲ." ಕಡತ ತಿರುವಿ, "ನೋಡಿ, ನಿಮ್ಮ ಹುಡುಗನ ತೂಕವೂ ಏರಿತ್ತು," ಎಂದರು.

"ನೀರಿಗೂ ತೂಕ ಇರುತ್ತೆ ಸಾರ್."

"ಅದು ನಮ್ಮ ವಿಭಾಗಕ್ಕೆ ಬರಲ್ಲ."

ಬಹುಶಃ ನೀರಾವರಿ ಇಲಾಖೆಗೆ ಹೋಗಬೇಕಿತ್ತೇನೋ.

ಬೂಷ್ಟು ಹಿಡಿದ ಕಡಲೆ ವಿಷವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗೋದಾಮಿನ ಮಾಡು ಸೋರಿದರೆ ಮಾಡನ್ನು ರಿಪೇರಿ ಮಾಡುತ್ತಾರೆಯೇ, ಇಲ್ಲಾ ಮಕ್ಕಳ ತಟ್ಟೆಯಿಂದ ಕಡಲೆಯನ್ನು ತೆಗೆಯುತ್ತಾರೆಯೇ? ಇನ್ನು ಮೀನು. ನನ್ನ ಉಸಿಪಾವನ್ನು ಈಗ ಯಾರು ಕೊಳ್ಳುತ್ತಾರೆ ಗೊತ್ತೆ? ರಾಜಧಾನಿಯ ಕೋಳಿ ಆಹಾರದ ಕಾರ್ಖಾನೆಯವರು. ಲಾರಿ ತುಂಬಾ ಒಯ್ಯುತ್ತಾರೆ. ಕೋಳಿಮರಿಗೆ ಮೀನಿಲ್ಲದಿದ್ದರೆ ಮೈ ಬರುವುದಿಲ್ಲ ಎಂದು ಅವರ ಮೇಸ್ತ್ರಿ ನನಗೇ ಪಾಠ ಹೇಳಿದ. ಆ ಕೋಳಿಗಳ ಮೊಟ್ಟೆ ನಿಮ್ಮ ಮೇಜಿಗೂ ಬರುತ್ತಿರಬಹುದು. ತಿನ್ನಿ, ನಾನು ಹೊಟ್ಟೆಕಿಚ್ಚು ಪಡುವವನಲ್ಲ. ಕೋಳಿಮರಿಗೆ ಒಪ್ಪುವ ಮೀನು ಮನುಷ್ಯರ ಮರಿಗೆ ಏಕೆ ಒಪ್ಪದು ಎಂಬುದಷ್ಟೇ ನನ್ನ ಪ್ರಶ್ನೆ.

ನಿಮ್ಮ ಚಿತ್ರವನ್ನು ಇಳಿಸಿ. ಲಸಿಕೆಗೆ ಹೋದಾಗಲೆಲ್ಲ ನನ್ನ ತಂಗಿ ಅದರ ಕೆಳಗೇ ಸರತಿಯಲ್ಲಿ ನಿಲ್ಲುತ್ತಾಳೆ. ಹಿಟ್ಟಿಗೆ ಸೋಯಾ, ಕಡಲೆಯನ್ನು ಮೊದಲಿನಷ್ಟೇ ಹಾಕಿ. ಹಾಕಲಾಗದಿದ್ದರೆ ಚೀಲದ ಮೇಲೆ ನಮ್ಮ ಭಾಷೆಯಲ್ಲಿ 'ಇದು ಬರೀ ಜೋಳ' ಎಂದು ಬರೆಯಿಸಿ. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ. ಮೇಡಂ ಅವರನ್ನು ಅದೇ ಮರದಡಿಗೆ ಕಳಿಸಿ, ಮೀನು ಬೆರೆಸಿ ಎಂದು ಹೇಳಿಸಿ. ನಾವು ಹೇಳಿದರೆ ಹೆಂಗಸರು ಈಗ ನಂಬುವುದಿಲ್ಲ, ಅಷ್ಟು ಚೆನ್ನಾಗಿ ಕಲಿಸಿದ್ದೀರಿ.

ಬೇಗ ಮಾಡಿ. ಅಸಿಯಾತುವಿಗೆ ಹೆಣ್ಣು ಮಗು ಹುಟ್ಟಿದೆ, ರುಕಿಯಾ ಎಂದು ಹೆಸರು. ಮುಂದಿನ ತಿಂಗಳು ಅವಳಿಗೆ ಗಂಜಿ ಶುರು ಮಾಡಬೇಕು. ನಿನ್ನೆ ತಂಗಿ ನನ್ನ ಮೀನಿನ ಚಾಪೆಯ ಪಕ್ಕ ಬಹಳ ಹೊತ್ತು ನಿಂತಿದ್ದಳು. "ಅಣ್ಣಾ, ಇದನ್ನ ಹಾಕಿದ್ರೆ ಭೇದಿ ಆಗುತ್ತಾ? ಹಾಕದಿದ್ರೆ ಊದ್ಕೊಳ್ತಾಳಾ? ಒಂದು ಮಾತು ಸರಿಯಾಗಿ ಹೇಳು," ಎಂದಳು. ಹಾಕು ಅಂದೆ. ಅವಳು ಒಂದು ಮೀನು ಎತ್ತಿಕೊಂಡಳು, ಮತ್ತೆ ಚಾಪೆಯ ಮೇಲೇ ಇಟ್ಟಳು. ನನ್ನ ಮಾತಿಗೆ ನಿಮ್ಮ ಮೊಹರಿಲ್ಲ.

ಇಂತಿ, ದಣಿದಿರುವ, ಆದರೂ ಕಾಯುತ್ತಿರುವ,
ಬ್ವಾನಾಲಿ ಕಲೆಸೊ,
ಮ್ಸಾಂಗು ದಂಡೆ
(ಸದ್ಯಕ್ಕೆ ಒಂದೇ ಮಗುವಿನ ಸೋದರಮಾವ)