ನನ್ನನ್ನು ಕೇಳದೆ ಬಂದ ಕಂಪ್ಯೂಟರು

೯ ಮಾರ್ಚ್ ೨೦೦೩, ಭಾನುವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಮುನಿಸಿಕೊಳ್ಳಬೇಡ. ಕೈತುಂಬ ಹೊಲಿಗೆ ಇತ್ತು. ಈಗ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ, ಅದಕ್ಕೇ ಬರೆಯಲು ಕೂತೆ.

ನಮ್ಮ ಮನೆಗೆ ಕಂಪ್ಯೂಟರು ಬಂತು. ತರಬೇಕೋ ಬೇಡವೋ ಎಂದು ವಾರಗಟ್ಟಲೆ ಊಟದ ಹೊತ್ತಿಗೆ ಪಂಚಾಯಿತಿ. ನಿಮ್ಮ ಭಾವನಿಗೆ ಆಫೀಸಿನ ಕಾಗದ ಟೈಪು ಮಾಡಬೇಕಂತೆ. ಮೈದುನನಿಗೆ ಕೆಲಸ ಹುಡುಕಬೇಕಂತೆ. ಮಗಳಿಗೆ ಓದು. ಅತ್ತೆಯವರಿಗೂ ದೂರದ ಮೊಮ್ಮಗುವಿನ ಫೋಟೋ ನೋಡುವ ಆಸೆ. ಎಲ್ಲರನ್ನೂ ಕೇಳಿದರು. ನನ್ನನ್ನು ಕೇಳಿದ್ದು ಇನ್ನೊಂದು ಲೋಟ ಚಹಾ ಮಾತ್ರ.

ಅಂಗಡಿಗೆ ನಿಮ್ಮ ಭಾವ, ಮಗಳು, ನಾನು ಹೋದೆವು. "ಇದರಲ್ಲಿ ಬಟ್ಟೆ ಡಿಸೈನ್ ಬಿಡಿಸಬಹುದಾ?" ಎಂದು ಕೇಳಿದೆ. "ಧಾರಾಳವಾಗಿ ಮೇಡಂ" ಎಂದು ಅಂಗಡಿಯವನು ಶುರುಮಾಡುವಷ್ಟರಲ್ಲಿ ನಿಮ್ಮ ಭಾವ ನಕ್ಕುಬಿಟ್ಟರು: "ಇವಳ ಮಾತು ಬಿಡಿ. ಇವಳದ್ದು ಧೂಳು ಒರೆಸೋ ಡಿಪಾರ್ಟ್‌ಮೆಂಟು." ಅವನೂ ಹಲ್ಲು ಕಿರಿದ. ಅಲ್ಲ ಕಣೇ, ಗಿರಾಕಿಗಳು ದಿನಾ ರವಿಕೆಗೆ ಹೊಸ ಕತ್ತಿನ ನಮೂನೆ ಕೇಳುತ್ತಾರೆ. ನನಗೆ ಅಗತ್ಯ ಇರಬಾರದೇ?

ಇಷ್ಟು ಸಾಲದು ಅಂತ, ಕಂಪ್ಯೂಟರು ಮನೆಗೆ ಬಂದ ದಿನ ನಾನು ತರಕಾರಿಗೆ ಹೋಗಿ ಬರುವುದರೊಳಗೆ ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಯಿಂದ ಎತ್ತಿ ಬಚ್ಚಲಿನ ಪಕ್ಕದ ಕತ್ತಲೆಗೆ ತಳ್ಳಿದ್ದರು.

"ಕಂಪ್ಯೂಟರ್‌ಗೆ ಗಾಳಿ ಬೇಕಲ್ವಾ ಅತ್ತಿಗೆ?" ಅಂದ ಮೈದುನ.

"ನನ್ನ ಕಣ್ಣಿಗೆ ಬೆಳಕು ಬೇಡ್ವೇನಪ್ಪಾ?" ಅಂದೆ. ಅವನು ವೈರು ಸಿಕ್ಕಿಸುತ್ತಲೇ ಇದ್ದ.

ಮಾರನೆಯ ದಿನ ಅವರೆಲ್ಲ ಹೊರಟ ಮೇಲೆ ಕಂಪ್ಯೂಟರಿನ ಮೇಜನ್ನು ಗೋಡೆಗೆ ಎಳೆದು ಯಂತ್ರವನ್ನು ಕಿಟಕಿಗೆ ತಂದೆ. ಮನೆಯಲ್ಲಿದ್ದ ಅತ್ತೆಯವರೇ ಒಂದು ಕಡೆ ಹಿಡಿದುಕೊಟ್ಟರು, ನಂಬುತ್ತೀಯಾ! ಸಂಜೆ ನಿಮ್ಮ ಭಾವ, "ಯಾರನ್ನ ಕೇಳಿ ಎಳೆದೆ?" ಎಂದು ಗುಡುಗಿದರು. "ನೀವು ಯಾರನ್ನ ಕೇಳಿದ್ರಿ?" ಅಂದೆ. ಯಂತ್ರ ಅಲ್ಲೇ ಇದೆ. ಅವರು ಮಾತು ಬಿಟ್ಟಿದ್ದಾರೆ. ಬಿಡಲಿ.

ಆರೋಗ್ಯ ನೋಡಿಕೋ. ನೀನು ಕೈಹಾಕಿದ್ದೆಲ್ಲ ಹಸನಾಗಲಿ, ಮಕ್ಕಳು ನಗುನಗುತ್ತಾ ಬೆಳೆಯಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಈ ಜಗಳದ ನಂತರ ಮಗಳು ಬಂದು ಪಕ್ಕದಲ್ಲಿ ಕೂತಳು. ಇವಳಾದರೂ ನನ್ನ ಪರ ಒಂದು ಮಾತಾಡುತ್ತಾಳೆ ಅಂದುಕೊಂಡೆ. "ಅಮ್ಮಾ, ಇನ್ಮೇಲೆ ಅಂಗಡೀಲಿ ಹಾಗೆಲ್ಲ ಕೇಳಬೇಡ. ನನಗೆ ತಲೆ ಎತ್ತೋಕೇ ಆಗ್ಲಿಲ್ಲ" ಅಂದಳು. ಅವಳ ಅಪ್ಪನಿಗೆ ತಿರುಗಿ ಹೇಳಿದ ಹಾಗೆ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ ಕಣೇ.